ಕಾಲು ಪೆಡಲ್ ಮೇಲೆ, ಕಿವಿ ಎಲ್ಲಿ?

ಜೂನ್ 3 ವಿಶ್ವ ಸೈಕಲ್ ದಿನ, ಜೂನ್ 21 ವಿಶ್ವ ಸಂಗೀತ ದಿನ. ಎರಡನ್ನೂ ಒಟ್ಟಿಗೇ ಆಚರಿಸುವವರು ನಮ್ಮ ರಸ್ತೆಗಳಲ್ಲಿ ದಿನವೂ ಕಾಣಸಿಗುತ್ತಾರೆ. ಹಾಡು ಕೇಳುವುದು ತಪ್ಪಲ್ಲ. ಆದರೆ ಹಾರನ್ನಿನಲ್ಲೇ ಮಾತಾಡಿಕೊಳ್ಳುವ ರಸ್ತೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡರೆ ಕೆಡುವುದು ನಮ್ಮ ಲೆಕ್ಕ ಮಾತ್ರವಲ್ಲ, ಹಿಂದೆ ಬರುವವರದ್ದು ಕೂಡ.

1979ರ ಜೂನ್ ತಿಂಗಳು, ಟೋಕಿಯೊದ ಯೊಯೊಗಿ ಪಾರ್ಕ್. ಸೋನಿ ಕಂಪನಿ ಪತ್ರಕರ್ತರನ್ನು ಬಸ್ಸಿನಲ್ಲಿ ಕರೆತಂದು ಅಲ್ಲಿ ಇಳಿಸಿತ್ತು. ಅವರ ಕೈಯಲ್ಲಿ ನೀಲಿ-ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ, ಕಿವಿಯಲ್ಲಿ ಹಗುರವಾದ ಹೆಡ್‌ಫೋನ್. ಹೊಸ ಸಾಧನದ ವಿವರಣೆ ಬಂದದ್ದು ಆ ಪೆಟ್ಟಿಗೆಯೊಳಗಿನ ಕ್ಯಾಸೆಟ್ಟಿನಿಂದಲೇ. ಯಾರನ್ನು, ಯಾವಾಗ ನೋಡಬೇಕೆಂದು ಹೇಳುತ್ತಿದ್ದುದೂ ಅದೇ. ನೋಡಿದರೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಇಬ್ಬರು ತುಳಿಯುವ ಜೋಡಿ ಸೈಕಲ್ ಮೇಲೆ ವಾಕ್‌ಮನ್ ಕೇಳುತ್ತ ಸಾಗುತ್ತಿದ್ದರು. ಜುಲೈ 1ರಂದು ವಾಕ್‌ಮನ್ ಅಂಗಡಿಗೆ ಬಂತು. ಜೇಬಿನಲ್ಲಿಟ್ಟು ಒಯ್ಯುವ ಸಂಗೀತ ಮಾರುಕಟ್ಟೆಗೆ ಬರುವ ಮೊದಲೇ ಸೈಕಲ್ ಏರಿಬಿಟ್ಟಿತ್ತು.

ಅದೇ ಜಪಾನ್‌ನಲ್ಲಿ 2026ರ ಏಪ್ರಿಲ್ 1ರಿಂದ ಸೈಕಲ್ ಸವಾರರಿಗೂ ಸ್ಥಳದಲ್ಲೇ ದಂಡದ ಚೀಟಿ ಕೊಡುವ ಪದ್ಧತಿ ಜಾರಿಗೆ ಬಂದಿದೆ. 16 ವರ್ಷ ತುಂಬಿದವರಿಗೆಲ್ಲ ಇದು ಅನ್ವಯ. ಸೈಕಲ್ ತುಳಿಯುತ್ತ ಕೈಯಲ್ಲಿ ಮೊಬೈಲ್ ಹಿಡಿದರೆ 12,000 ಯೆನ್. ಹೊರಗಿನ ಸದ್ದು ಕೇಳದಂತೆ ಇಯರ್‌ಫೋನ್ ಹಾಕಿದರೆ 5,000 ಯೆನ್. ಹಾಡಿನ ಮೇಲೆ ಸರ್ಕಾರ ಮುನಿಸಿಕೊಂಡಿದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ನಿಯಮವನ್ನು ಬಿಡಿಸಿ ಓದಿದರೆ ಅದು ಇಯರ್‌ಫೋನನ್ನು ನಿಷೇಧಿಸಿಲ್ಲ. ಒಂದೇ ಕಿವಿಗೆ ಹಾಕಿದ್ದರೆ, ಅಥವಾ ಕಿವಿಯ ರಂಧ್ರ ಮುಚ್ಚದೆ ಕೆನ್ನೆಮೂಳೆಯ ಮೂಲಕ ಕೇಳಿಸುವ ‘ಬೋನ್ ಕಂಡಕ್ಷನ್’ ಹೆಡ್‌ಫೋನ್ ಇದ್ದರೆ, ಸುತ್ತಲಿನ ಸದ್ದು ಕೇಳುತ್ತಿರುವ ತನಕ ಅಪರಾಧವಲ್ಲ ಎಂದು ಪೊಲೀಸರೇ ಸ್ಪಷ್ಟಪಡಿಸಿದ್ದಾರೆ. ಕಿವಿಯಲ್ಲಿ ಏನಿದೆ ಎಂಬುದಕ್ಕಿಂತ ಕಿವಿಗೆ ಏನು ಬೀಳುತ್ತಿದೆ ಎಂಬುದೇ ಅಲ್ಲಿ ಮುಖ್ಯ. ಸೈಕಲ್ ಮತ್ತು ಸಂಗೀತದ ಜಗಳವನ್ನು ಬಿಡಿಸಲು ಇದಕ್ಕಿಂತ ನ್ಯಾಯವಾದ ಅಳತೆಗೋಲು ಬೇರೆ ಇಲ್ಲ ಎಂಬುದು ಈ ಲೇಖನದ ವಾದ. ಆ ಅಳತೆಗೋಲಿನಿಂದ ನಮ್ಮ ಊರಿನ ರಸ್ತೆಗಳನ್ನು ಅಳೆದರೆ ಸವಾರನ ಕಿವಿಗೆ ಹೊಣೆ ಜಾಸ್ತಿ, ಸ್ವಾತಂತ್ರ್ಯ ಕಡಿಮೆ.

ಈ ಪ್ರಶ್ನೆ ವಾಕ್‌ಮನ್ ತಯಾರಿಸಿದವರಿಗೂ ಹೊಳೆದಿತ್ತು. ಮೊದಲ ಮಾದರಿಯಲ್ಲಿ ಹೆಡ್‌ಫೋನ್ ಸಿಕ್ಕಿಸಲು ಒಂದಲ್ಲ, ಎರಡು ಕಿಂಡಿಗಳಿದ್ದವು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿ. ಅದನ್ನು ಒತ್ತಿ ಹಿಡಿದರೆ ಹಾಡು ತಗ್ಗುತ್ತಿತ್ತು, ಒಳಗಿನ ಪುಟ್ಟ ಮೈಕಿನ ಮೂಲಕ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಒಬ್ಬರೇ ಕಿವಿ ಮುಚ್ಚಿಕೊಂಡು ಕೂತರೆ ಜೊತೆಗಿದ್ದವರಿಗೆ ಅಗೌರವವಾದೀತು ಎಂಬುದು ಸೋನಿಯ ಸ್ಥಾಪಕರಲ್ಲೊಬ್ಬರಾದ ಅಕಿಯೊ ಮೊರಿಟಾ ಅವರ ಅಳುಕು. ಮನೆಯಲ್ಲಿ ಪರೀಕ್ಷೆಗೆಂದು ಕೇಳುತ್ತಿದ್ದಾಗ, ತನ್ನನ್ನು ಹೊರಗಿಟ್ಟಂತಾಯಿತೆಂದು ಹೆಂಡತಿ ಬೇಸರಪಟ್ಟದ್ದನ್ನು ಅವರು ಬರೆದುಕೊಂಡಿದ್ದಾರೆ. ಕೊಂಡವರಿಗೆ ಮಾತ್ರ ಒಬ್ಬರೇ ಕೇಳುವುದೇ ಹಿಡಿಸಿತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಇವತ್ತು ದುಬಾರಿ ಇಯರ್‌ಬಡ್‌ಗಳಲ್ಲಿ ‘ಟ್ರಾನ್ಸ್‌ಪರೆನ್ಸಿ ಮೋಡ್’ ಎಂಬ ಹೆಸರು ಹೊತ್ತು ಬಂದಿರುವುದು ಹೆಚ್ಚುಕಡಿಮೆ ಅದೇ ಸೌಲಭ್ಯ. ಮೊರಿಟಾ ಅವರ ಮನಸ್ಸಿನಲ್ಲಿದ್ದದ್ದು ಅಪಘಾತವಲ್ಲ, ಸೌಜನ್ಯ. ರಸ್ತೆಗೆ ಇಳಿದ ಮೇಲೆ ಆ ಎರಡನ್ನು ಬೇರೆ ಮಾಡಲು ಬರುವುದಿಲ್ಲ.

ಸೈಕಲ್ ಸವಾರನಿಗೆ ಮುಂದಿನದ್ದು ಕಣ್ಣಿನ ಕೆಲಸ, ಹಿಂದಿನದ್ದು ಕಿವಿಯ ಕೆಲಸ. ಕಾರಿಗೆ ಮೂರು ಕನ್ನಡಿಗಳಿವೆ, ಬೈಕಿಗೆ ಎರಡು. ನಮ್ಮ ಬಹುಪಾಲು ಸೈಕಲ್‌ಗಳಿಗೆ ಒಂದೂ ಇಲ್ಲ. ಕತ್ತು ತಿರುಗಿಸಿ ನೋಡಬಹುದು, ಆದರೆ ಹಾಗೆ ನೋಡುವಾಗ ಹ್ಯಾಂಡಲ್ ಅತ್ತ ವಾಲುತ್ತದೆ, ಮುಂದಿನ ಗುಂಡಿ ತಪ್ಪಿಹೋಗುತ್ತದೆ. ಹಾಗಾಗಿ ಅನುಭವಿ ಸವಾರರು ಬೆನ್ನ ಹಿಂದಿನ ರಸ್ತೆಯನ್ನು ಟೈರಿನ ಸದ್ದಿನಲ್ಲೇ ಓದುತ್ತಾರೆ. ಬರುತ್ತಿರುವುದು ಬಸ್ಸೋ ಆಟೋವೋ, ವೇಗ ಇಳಿಸಿತೋ ಇಲ್ಲವೋ, ಬಲಕ್ಕೆ ಸರಿದು ಹೋಗುತ್ತಿದೆಯೋ ಅಥವಾ ನೇರ ಬೆನ್ನಿಗೇ ಬರುತ್ತಿದೆಯೋ ಎಂಬ ಇಷ್ಟೆಲ್ಲ ಸುದ್ದಿ ಆ ಸದ್ದಿನಲ್ಲಿರುತ್ತದೆ. ಸದ್ದು ಯಾವ ಕಡೆಯಿಂದ ಬಂತೆಂದು ಮಿದುಳು ಕಂಡುಕೊಳ್ಳುವುದು ಮುಖ್ಯವಾಗಿ ಎರಡು ಕಿವಿಗಳ ವ್ಯತ್ಯಾಸದಿಂದ. ಬಲಗಡೆಯ ಸದ್ದು ಬಲಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿಯಷ್ಟು ಮೊದಲೇ ಮುಟ್ಟುತ್ತದೆ, ತುಸು ಜೋರಾಗಿಯೂ ಇರುತ್ತದೆ. ಅಷ್ಟು ಸಣ್ಣ ಅಂತರವೇ ದಿಕ್ಕನ್ನು ಹೇಳಿಬಿಡುತ್ತದೆ. ಆದ್ದರಿಂದ ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡವನಿಗೆ ಹಾರನ್ ಕೇಳುತ್ತದೆ, ಆದರೆ ಎಲ್ಲಿಂದ ಎಂಬುದು ಮಸುಕಾಗುತ್ತದೆ. ಎರಡೂ ಮುಚ್ಚಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ, ಆದರೆ ಪೂರ್ತಿ ಪರಿಹಾರವಲ್ಲ. ಹಾಕಲೇಬೇಕೆಂದಿದ್ದರೆ ಎಡಗಿವಿಗೆ ಹಾಕಿ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಹಿಂದಿಕ್ಕುವ ವಾಹನ ಬರಬೇಕಾದದ್ದು ಬಲಗಡೆಯಿಂದ.

ಬಾಕ್ಸ್: ಐದು ಸೆಕೆಂಡಿನ ಲೆಕ್ಕ
ಸೈಕಲ್ ಗಂಟೆಗೆ 20 ಕಿ.ಮೀ. ವೇಗದಲ್ಲಿದೆ, ಹಿಂದಿನ ಬಸ್ 50 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಇಬ್ಬರ ನಡುವಿನ ದೂರ ಸೆಕೆಂಡಿಗೆ 8.3 ಮೀಟರ್‌ನಂತೆ ಕರಗುತ್ತದೆ. ಬಸ್ಸಿನ ಸದ್ದು 40 ಮೀಟರ್ ದೂರದಲ್ಲೇ ಕಿವಿಗೆ ಬಿದ್ದರೆ ಸವಾರನಿಗೆ ಸಿಗುವುದು ಐದು ಸೆಕೆಂಡಿಗೆ ತುಸು ಕಡಿಮೆ. ಹಾಡಿನ ಗದ್ದಲದಲ್ಲಿ ಅದು 15 ಮೀಟರ್ ಹತ್ತಿರ ಬಂದ ಮೇಲೆ ಕೇಳಿಸಿದರೆ ಉಳಿಯುವುದು ಎರಡು ಸೆಕೆಂಡೂ ಇಲ್ಲ.

ಇಯರ್‌ಫೋನ್‌ಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕಿವಿಯ ಹೊರಗೆ ಸುಮ್ಮನೆ ಕೂರುವ ಹಳೆಯ ಬಗೆಯದ್ದು ಹೊರಗಿನ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ರಬ್ಬರ್ ತುದಿಯಿಂದ ಕಿವಿಯ ರಂಧ್ರವನ್ನೇ ಬಿಗಿಯಾಗಿ ಮುಚ್ಚುವ ಇಯರ್‌ಬಡ್ ಹಾಡು ನಿಲ್ಲಿಸಿದ್ದಾಗಲೂ ಬಿರಡೆಯೇ. ಎಲ್ಲಕ್ಕಿಂತ ಮೋಸದ್ದು ‘ನಾಯ್ಸ್ ಕ್ಯಾನ್ಸಲಿಂಗ್’ ಸೌಲಭ್ಯ. ಒಂದೇ ಸಮನೆ ಬರುವ ಕೆಳಸ್ಥಾಯಿಯ ಗುಂಯ್‌ಗುಡುವಿಕೆಯನ್ನು ಅಳಿಸಿಹಾಕುವುದರಲ್ಲಿ ಅದು ನಿಪುಣ. ವಿಮಾನದಲ್ಲಿ ಅದು ವರ. ರಸ್ತೆಯಲ್ಲಿ ಮಾತ್ರ ಅಂಥ ಸದ್ದು ಬರುವುದು ಲಾರಿಯ ಎಂಜಿನ್ನಿನಿಂದ, ಬಸ್ಸಿನ ಟೈರಿನಿಂದ. ಯಾವುದನ್ನು ಮೊದಲು ಕೇಳಿಸಿಕೊಳ್ಳಬೇಕೋ ಅದೇ ಮೊದಲು ಅಳಿಸಿಹೋಗುತ್ತದೆ. ವೇಗ ಏರಿದಂತೆ ಗಾಳಿಯ ಸುಯ್ಲು ಕಿವಿಯಲ್ಲಿ ಜೋರಾಗುತ್ತದೆ, ಹಾಡು ಕೇಳದಾಗುತ್ತದೆ, ಬೆರಳು ತಾನಾಗಿ ವಾಲ್ಯೂಮ್ ಏರಿಸುತ್ತದೆ. ಇಳಿಜಾರಿನಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಹೊತ್ತಿಗೇ ಹಾಡು ಅತಿ ಜೋರಾಗಿರುತ್ತದೆ.

ಇದು ಬರೀ ಊಹೆಯಲ್ಲ. ಸೈಕಲ್ಲಿನ ನಾಡಾದ ನೆದರ್ಲೆಂಡ್ಸ್‌ನಲ್ಲಿ, ಗ್ರೋನಿಂಗೆನ್ ವಿಶ್ವವಿದ್ಯಾಲಯದ ಡಿಕ್ ಡಿ ವಾರ್ಡ್ ಮತ್ತು ಸಹೋದ್ಯೋಗಿಗಳು 25 ಮಂದಿಯನ್ನು ಸೈಕಲ್ ಮೇಲೆ ಕೂರಿಸಿ ಪರೀಕ್ಷಿಸಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಬಿಗಿಯಾದ ಇಯರ್‌ಬಡ್ ಹಾಕಿ ಹಾಡು ಕೇಳುತ್ತಿದ್ದವರು, ನಿಲ್ಲುವಂತೆ ಸೂಚಿಸುವ ಜೋರಾದ ಸದ್ದನ್ನೂ ಶೇ 68ರಷ್ಟು ಸಲ ಕೇಳಿಸಿಕೊಳ್ಳಲಿಲ್ಲ. ವಾಲ್ಯೂಮ್ ಏರಿದಾಗಲೂ ಹಾಡಿನ ಲಯ ಚುರುಕಾದಾಗಲೂ ಸೂಚನೆ ಕೇಳಿದವರ ಸಂಖ್ಯೆ ಇಳಿಯಿತು. ಸಾದಾ ಇಯರ್‌ಫೋನನ್ನು ಒಂದೇ ಕಿವಿಗೆ ಹಾಕಿದ್ದವರಲ್ಲಿ ಮಾತ್ರ ಕೇಳುವಿಕೆ ಕುಂದಲಿಲ್ಲ. ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ನಮ್ಮಲ್ಲಿ ಚರ್ಚೆಗೇ ಬರುವುದಿಲ್ಲ: ಮೊಬೈಲನ್ನು ಕೈಯಲ್ಲಿ ಹಿಡಿದು ಮಾತಾಡುವುದಕ್ಕೂ ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಕೈ ಬ್ರೇಕಿನ ಮೇಲಿದ್ದರೂ ಮನಸ್ಸು ಮಾತಿನಲ್ಲಿರುತ್ತದೆ. ಹಾಡನ್ನು ಕಿವಿಯ ಅಂಚಿನಲ್ಲಿ ಹರಿಯಲು ಬಿಡಬಹುದು. ಮಾತು ಉತ್ತರ ಬೇಡುತ್ತದೆ. ಸೈಕಲ್ ತುಳಿಯುತ್ತ ಆಫೀಸಿನ ಕರೆ ಮುಗಿಸಿಬಿಡುವವರು ತಾವು ಹಾಡು ಕೇಳುವವರಿಗಿಂತ ಸುರಕ್ಷಿತ ಎಂದುಕೊಂಡರೆ ಅದು ತಪ್ಪು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಕೇಳುವಿಕೆ ಕುಂದಿತು ಸರಿ, ಅಪಘಾತ ಹೆಚ್ಚಾಯಿತೇ? ನೆದರ್ಲೆಂಡ್ಸ್‌ನಲ್ಲೇ ನಡೆದ, 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹದಿಹರೆಯದ ಸವಾರರನ್ನು ಕೇಳಿ ನೋಡಿತು. ಬೇರೆ ಕಾರಣಗಳನ್ನು ತೂಗಿ ಕಳೆದ ಮೇಲೆ, ಎಷ್ಟು ಹಾಡು ಕೇಳುತ್ತಾರೆ ಎಂಬುದಕ್ಕೂ ಎಷ್ಟು ಸಲ ಅವಘಡಕ್ಕೆ ಸಿಕ್ಕಿದ್ದಾರೆ ಎಂಬುದಕ್ಕೂ ನಂಟು ಕಾಣಲಿಲ್ಲ. ಕಿವಿಯ ಕೊರತೆಯನ್ನು ಸವಾರರು ಬೇರೆ ರೀತಿಯಲ್ಲಿ, ಹೆಚ್ಚು ಅತ್ತಿತ್ತ ನೋಡಿ, ಸದ್ದು ತಗ್ಗಿಸಿ, ತುಂಬಿಕೊಳ್ಳುತ್ತಿರಬಹುದು ಎಂಬುದು ಸಂಶೋಧಕರ ವಿವರಣೆ. ಆಕ್ಷೇಪಿಸುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಆದರೆ ಅದೇ ಅಧ್ಯಯನ ಮುಂದುವರಿದು, ಸೈಕಲ್ ದಾರಿಗಳು ಅಷ್ಟು ವಿಸ್ತಾರವಾಗಿಲ್ಲದ, ಅಷ್ಟು ಸುರಕ್ಷಿತವಲ್ಲದ ಕಡೆಗಳಲ್ಲಿ ಇದೇ ಅಭ್ಯಾಸ ಅಪಾಯ ತರಬಹುದು ಎನ್ನುತ್ತದೆ. ಡಚ್ ಹುಡುಗನ ಬೆನ್ನ ಹಿಂದೆ ಸಾಮಾನ್ಯವಾಗಿ ಇನ್ನೊಂದು ಸೈಕಲ್ ಇರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಗುರುತಿಸಿದ ಸೈಕಲ್ ಪಥದೊಳಗೆ ಬೈಕುಗಳು ನುಗ್ಗಿದ್ದನ್ನು ನಗರವೇ ನೋಡಿದೆ. ಭಾರತದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರು 4,800ಕ್ಕೂ ಹೆಚ್ಚು. ಡಚ್ ದಾರಿಯಲ್ಲಿ ಸಿಕ್ಕ ಸಮಾಧಾನವನ್ನು ಈ ರಸ್ತೆಗೆ ತಂದು ಹಚ್ಚಲಾಗದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ಆಳದ್ದು. ನಮ್ಮ ರಸ್ತೆ ಸದ್ದಿನಲ್ಲಿ ಮಾತಾಡುತ್ತದೆ. ಹಾರನ್ ಮಾಡಿ ಎಂದು ಲಾರಿಗಳೇ ಬೆನ್ನ ಮೇಲೆ ಬರೆಸಿಕೊಂಡು ಓಡಾಡುವ ದೇಶ ಇದು. ಬೇರೆ ಕಡೆ ಬೈಗುಳವೆಂದೇ ತಿಳಿಯುವ ಹಾರನ್, ಇಲ್ಲಿ ‘ನಾನು ಬಲಗಡೆ ಇದ್ದೀನಿ, ಅಲ್ಲೇ ಇರಿ’ ಎಂಬ ಸುದ್ದಿ. ಸೈಕಲ್ಲಿನ ಬೆಲ್ಲು, ತಳ್ಳುಗಾಡಿಯವನ ‘ಸೈಡ್ ಅಣ್ಣಾ’, ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವವನ ಸೀಟಿ, ಎಲ್ಲವೂ ಕೇಳುವ ಕಿವಿ ಇದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಹಾರನ್ ಒತ್ತಿದ ಚಾಲಕ ತಾನು ತಿಳಿಸಿಯಾಯಿತು ಎಂದುಕೊಂಡು ವೇಗ ಇಳಿಸದೆ ಮುಂದುವರಿಯುತ್ತಾನೆ. ಮುಂದಿರುವವನಿಗೆ ಕೇಳಿಲ್ಲ ಎಂಬುದು ಅವನಿಗೆ ತಿಳಿಯುವ ಬಗೆಯೇ ಇಲ್ಲ. ಕಿವಿಯೊಳಗಿನ ಇಯರ್‌ಬಡ್ ಹಿಂದಿನಿಂದ ಕಾಣುವುದಿಲ್ಲ. ಹೆಲ್ಮೆಟ್ ಪಟ್ಟಿಯ ಕೆಳಗಿದ್ದರಂತೂ ಪಕ್ಕದಿಂದಲೂ ಕಾಣದು. ಸುರಕ್ಷತೆಯ ಪ್ರಶ್ನೆ ಸೌಜನ್ಯದ ಪ್ರಶ್ನೆಯೂ ಆಗುವುದು ಇಲ್ಲಿಯೇ. ಬೇರೆಯವರು ನಮ್ಮನ್ನು ನಂಬಿ ಒಂದು ಲೆಕ್ಕ ಹಾಕಿರುತ್ತಾರೆ, ನಾವು ಹೇಳದೆ ಕೇಳದೆ ಆ ಲೆಕ್ಕದಿಂದ ಹೊರಬಿದ್ದಿರುತ್ತೇವೆ. ಕಂಗೆಡುವವರು ಲಾರಿಯವರಷ್ಟೇ ಅಲ್ಲ. ರಸ್ತೆ ದಾಟುತ್ತ ‘ಏ ತಮ್ಮಾ, ನಿಧಾನ’ ಎಂದು ಕೂಗಿದ ಅಜ್ಜಿಗೂ ಉತ್ತರ ಸಿಗುವುದಿಲ್ಲ.

ಹಾಗಾದರೆ ಕಾರಿನವರು? ಗಾಜು ಏರಿಸಿ, ಎ.ಸಿ. ಹಾಕಿ, ನಾಲ್ಕು ಸ್ಪೀಕರಿನಲ್ಲಿ ಹಾಡು ಹಾಕಿಕೊಂಡವರಿಗೆ ಹೊರಗಿನ ಸದ್ದು ಸೈಕಲ್ ಸವಾರನಿಗಿಂತ ಕಡಿಮೆಯೇ ಕೇಳುತ್ತದೆ, ಅವರಿಗಿಲ್ಲದ ಕಟ್ಟುಪಾಡು ನಮಗೇಕೆ ಎಂಬ ಸಿಟ್ಟು ಸವಾರರಲ್ಲಿದೆ. ಸಿಟ್ಟು ನ್ಯಾಯವಾದದ್ದು. ಸಾವಿರ ಕಿಲೋ ತೂಕದ ಯಂತ್ರ ಓಡಿಸುವವರ ಕಿವಿಯ ಬಗ್ಗೆ ಸಮಾಜ ಇನ್ನೂ ಹೆಚ್ಚು ಕಟ್ಟುನಿಟ್ಟಾಗಬೇಕು. ಆದರೆ ಇದು ಇಯರ್‌ಬಡ್‌ಗೆ ಸಮರ್ಥನೆ ಆಗುವುದಿಲ್ಲ. ಕಾರಿನವರಿಗೆ ಕನ್ನಡಿಗಳಿವೆ, ಸುತ್ತ ಉಕ್ಕಿನ ಗೂಡಿದೆ. ಅವರ ತಪ್ಪಿಗೆ ಬಂಪರ್ ನೆಗ್ಗುತ್ತದೆ, ಸೈಕಲ್ಲಿನವರ ತಪ್ಪಿಗೆ ಪಕ್ಕೆಲುಬು ಮುರಿಯುತ್ತದೆ. ಕಿವಿ ಕೇಳದವರೂ ಸೈಕಲ್ ತುಳಿಯುತ್ತಾರಲ್ಲ ಎಂಬ ಮಾತೂ ಬರುತ್ತದೆ. ತುಳಿಯುತ್ತಾರೆ, ಚೆನ್ನಾಗಿಯೇ ತುಳಿಯುತ್ತಾರೆ. ಬದುಕಿಡೀ ಕಣ್ಣಿನಿಂದಲೇ ರಸ್ತೆ ಓದಿ ಪಳಗಿದವರು ಅವರು. ಬೆಳಿಗ್ಗೆ ಕಿವಿ ಮುಚ್ಚಿ ಸಂಜೆ ತೆರೆಯುವವನಿಗೆ ಆ ಪಳಗಿದ ಕಣ್ಣು ಎಲ್ಲಿಂದ ಬರಬೇಕು? ಕಿವಿ ಇಲ್ಲದೆ ಸಾಗಲಾಗದ ರಸ್ತೆ ಕೆಟ್ಟ ರಸ್ತೆ ಎಂಬುದನ್ನು ಮಾತ್ರ ಈ ಆಕ್ಷೇಪದಿಂದ ನಾವು ಕಲಿಯಲೇಬೇಕು.

ಅದಕ್ಕೇ ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕಿದೆ. ಸೈಕಲ್ ಸವಾರನಿಗೆ ಹಿಂದಿನಿಂದ ವಾಹನ ಬಂದು ಗುದ್ದಿದಾಗ ‘ಕಿವೀಲಿ ಇಯರ್‌ಫೋನ್ ಇತ್ತಂತೆ’ ಎಂಬ ಒಂದು ಸಾಲು ಇಡೀ ಪ್ರಕರಣವನ್ನು ತಿರುಗಿಸಿಬಿಡುತ್ತದೆ. ಇದು ಅನ್ಯಾಯ. ಮುಂದೆ ಹೋಗುತ್ತಿರುವವನಿಗೆ ತಾಗದಂತೆ ಓಡಿಸುವ ಹೊಣೆ ಹಿಂದಿನವನದ್ದು. ಮುಂದಿನವನು ಹಾಡು ಕೇಳುತ್ತಿದ್ದ ಮಾತ್ರಕ್ಕೆ ಆ ಹೊಣೆ ಒಂದು ಗುಲಗಂಜಿಯಷ್ಟೂ ತಗ್ಗದು. ಕಿವಿ ತೆರೆದಿಡಿ ಎನ್ನುವುದು ಜೀವ ಉಳಿಸಿಕೊಳ್ಳುವ ಮಾತು, ತಪ್ಪು ಹೊರಿಸುವ ಮಾತಲ್ಲ. ಎರಡನ್ನೂ ಬೆರೆಸಿದರೆ ಸವಾರರು ಸಲಹೆಯನ್ನೇ ಕೇಳುವುದಿಲ್ಲ, ಚಾಲಕರು ಪಾಠವನ್ನೇ ಕಲಿಯುವುದಿಲ್ಲ.

ಸಂಗೀತದ ಪರವಾಗಿಯೂ ಪುರಾವೆ ಇದೆ. ತುಳಿತವನ್ನು ಹಾಡಿನ ಲಯಕ್ಕೆ ಹೊಂದಿಸಿದಾಗ ಅದೇ ಕೆಲಸಕ್ಕೆ ದೇಹ ಶೇ 7ರಷ್ಟು ಕಡಿಮೆ ಆಮ್ಲಜನಕ ಬಳಸಿತೆಂದು 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು. ಬೇಸರ ಕಳೆಯುತ್ತದೆ, ಏರು ಕಡಿಮೆ ಅನ್ನಿಸುತ್ತದೆ, ಮಾರನೆಯ ದಿನವೂ ಸೈಕಲ್ ತೆಗೆಯುವ ಮನಸ್ಸಾಗುತ್ತದೆ. ಆಫೀಸಿಗೆ ಸೈಕಲ್ಲಿನಲ್ಲಿ ಹೋಗುವವರ ಸಂಖ್ಯೆ ಹೆಚ್ಚಬೇಕೆಂದು ಬಯಸುವ ಯಾರೂ ಇದನ್ನು ತಳ್ಳಿಹಾಕಬಾರದು. ಆದರೆ ಆ ಪ್ರಯೋಗ ನಡೆದದ್ದು ಕದಲದೆ ನಿಂತ ವ್ಯಾಯಾಮದ ಸೈಕಲ್ ಮೇಲೆ. ಅಲ್ಲಿ ಹಿಂದಿನಿಂದ ಬರುವವರು ಯಾರೂ ಇರಲಿಲ್ಲ. ಸಂಗೀತದ ಪೂರ್ತಿ ಲಾಭ ಪಡೆಯಲು ಅಂಥ ಜಾಗವನ್ನೇ ಹುಡುಕಿಕೊಳ್ಳುವುದು ಜಾಣತನ: ಮನೆಯಲ್ಲಿ ಟ್ರೇನರ್ ಮೇಲೆ, ಅಥವಾ ಭಾನುವಾರ ವಾಹನ ಸಂಚಾರ ನಿಲ್ಲಿಸುವ ಕಬ್ಬನ್ ಪಾರ್ಕಿನೊಳಗೆ.

ಬಾಕ್ಸ್: ಎಲ್ಲಿ ಏನು ನಿಯಮ?
ಫ್ರಾನ್ಸ್‌ನಲ್ಲಿ 2015ರ ಜುಲೈ 1ರಿಂದ ಸೈಕಲ್ ಸವಾರರಿಗೂ ಇಯರ್‌ಫೋನ್ ನಿಷೇಧ; ದಂಡ 135 ಯೂರೊ, ಒಂದೇ ಕಿವಿಗೆ ಹಾಕಿದರೂ ತಪ್ಪೇ. ಶ್ರವಣಸಾಧನಕ್ಕೆ ವಿನಾಯಿತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿ ಮುಚ್ಚುವಂತಿಲ್ಲ, ಒಂದಕ್ಕೆ ಅಡ್ಡಿಯಿಲ್ಲ. ಜರ್ಮನಿಯಲ್ಲಿ ಕೇಳುವಿಕೆ ಕುಂದದಿದ್ದರೆ ಸಾಕು. ನೆದರ್ಲೆಂಡ್ಸ್‌ನಲ್ಲಿ ಹಾಡಿಗೆ ನಿಷೇಧವಿಲ್ಲ. ಆದರೆ 2019ರ ಜುಲೈ 1ರಿಂದ ಸೈಕಲ್ ಮೇಲೆ ಮೊಬೈಲ್ ಕೈಯಲ್ಲಿ ಹಿಡಿಯುವಂತಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆ ಹೆಸರೇ ಹೇಳುವಂತೆ ಮೋಟಾರಿಗೆ ಸಂಬಂಧಿಸಿದ್ದು. ಸೈಕಲ್ ಅದರ ಪ್ರಕಾರ ಮೋಟಾರು ವಾಹನವಲ್ಲ.

ಕಿವಿ ಮುಚ್ಚಬಾರದೆಂದರೆ ಸ್ಪೀಕರ್ ಕಟ್ಟಿಕೊಂಡರಾಯಿತಲ್ಲ ಎಂದು ಕೆಲವರು ಸುಲಭದ ದಾರಿ ಹಿಡಿದಿದ್ದಾರೆ. ಹ್ಯಾಂಡಲ್ಲಿಗೆ, ಇಲ್ಲವೇ ನೀರಿನ ಬಾಟಲಿಯ ಜಾಗಕ್ಕೆ ಬ್ಲೂಟೂತ್ ಸ್ಪೀಕರ್ ಸಿಕ್ಕಿಸಿಕೊಂಡ ಗುಂಪುಗಳು ನಂದಿಬೆಟ್ಟದ ದಾರಿಯಲ್ಲಿ ವಾರಾಂತ್ಯದ ನಸುಕಿನಲ್ಲಿ ಸಿಗುತ್ತವೆ. ಕಿವಿಯೇನೋ ತೆರೆದಿರುತ್ತದೆ. ಆದರೆ ಅವರ ಆಯ್ಕೆಯ ಹಾಡನ್ನು ದಾರಿಯುದ್ದಕ್ಕೂ ಎಲ್ಲರೂ ಕೇಳಬೇಕು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಬೆಟ್ಟದಲ್ಲಿ ಸೂರ್ಯೋದಯ ನೋಡಬೇಕೆಂದರೆ ಹೊರಡುವುದು ಕತ್ತಲಿರುವಾಗಲೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬೆಳಿಗ್ಗೆ 6 ಗಂಟೆಯ ತನಕ ರಾತ್ರಿಯೇ. ವಸತಿ ಪ್ರದೇಶದಲ್ಲಿ ಆಗ ಸದ್ದಿನ ಮಿತಿ 45 ಡೆಸಿಬೆಲ್. ಅಂಗೈಯಗಲದ ಸ್ಪೀಕರ್ ಅದನ್ನು ದಾಟಲು ಕಷ್ಟಪಡಬೇಕಾಗಿಲ್ಲ. ರಸ್ತೆ ಬದಿಯ ಹಳ್ಳಿಯ ಮನೆಯಲ್ಲಿ ಮಲಗಿರುವವರಿಗೆ ಅದು ಹಾಡಲ್ಲ, ನಿದ್ದೆಗೇಡು. ಗುಂಪಿನ ಹಿಂದಿರುವವರಿಗೂ ಕಷ್ಟ: ಮುಂದಿನವರು ‘ಗುಂಡಿ!’, ‘ನಾಯಿ!’ ಎಂದು ಕೂಗಿ ಹಿಂದಕ್ಕೆ ದಾಟಿಸುವ ಎಚ್ಚರಿಕೆ ಆ ಹಾಡಿನಲ್ಲಿ ಮುಳುಗುತ್ತದೆ. ಬಸ್ಸಿನಲ್ಲಿ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುವುದನ್ನು ಹೈಕೋರ್ಟ್ ಸೂಚನೆಯ ಮೇರೆಗೆ ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲಿ ನಿಷೇಧಿಸಿದಾಗ ಪ್ರಯಾಣಿಕರು ನೆಮ್ಮದಿಯ ಉಸಿರು ಬಿಟ್ಟರು. ಬಸ್ಸಿನೊಳಗೆ ಬೇಡವಾದದ್ದು ಬೆಟ್ಟದ ದಾರಿಯಲ್ಲಿ ಹೇಗೆ ಬೇಕಾದೀತು? ಸದ್ದು ತನ್ನ ಕಿವಿಯಷ್ಟಕ್ಕೇ ಉಳಿಯುವುದಾದರೆ ಮಾತ್ರ ಸ್ಪೀಕರಿಗೆ ಒಪ್ಪಿಗೆ ಕೊಡಬಹುದು. ಹಾಗೆ ಉಳಿಯುವ ಸ್ಪೀಕರ್ ಇಲ್ಲ.

ಮುಂದಿನ ವರ್ಷಗಳು ಕಿವಿಗೆ ಇನ್ನೂ ಕಠಿಣ. ಎಲೆಕ್ಟ್ರಿಕ್ ವಾಹನಗಳು ನಿಧಾನ ಚಲಿಸುವಾಗ ಎಷ್ಟು ಮೌನವೆಂದರೆ, ಐರೋಪ್ಯ ಒಕ್ಕೂಟ 2021ರ ಜುಲೈಯಿಂದ ಹೊಸ ಎಲೆಕ್ಟ್ರಿಕ್ ಕಾರುಗಳೆಲ್ಲ ಗಂಟೆಗೆ 20 ಕಿ.ಮೀ. ವೇಗದ ತನಕ ಕೃತಕ ಸದ್ದು ಹೊರಡಿಸಬೇಕೆಂದು ಕಡ್ಡಾಯ ಮಾಡಿತು. ಆ ನಿಯಮ ಸ್ಕೂಟರಿಗಿಲ್ಲ. ನಮ್ಮ ಗಲ್ಲಿಗಳಲ್ಲಿ ಊಟ, ದಿನಸಿ ಹೊತ್ತು ಓಡುವ ಎಲೆಕ್ಟ್ರಿಕ್ ಸ್ಕೂಟರುಗಳು ಸೈಕಲ್ಲಿನ ಆಸುಪಾಸಿನ ವೇಗದಲ್ಲೇ, ಕೆಲವೊಮ್ಮೆ ರಾಂಗ್ ಸೈಡಿನಲ್ಲೇ ಬರುತ್ತವೆ. ಅವುಗಳಿಂದ ಹೊರಡುವುದು ಟೈರಿನ ಸಣ್ಣ ಸರಸರ ಮಾತ್ರ. ತೆರೆದ ಕಿವಿಗೇ ಅದು ಕಷ್ಟ. ಹಾಡಿನ ಹಿಂದಿರುವ ಕಿವಿಗೆ ಅಸಾಧ್ಯ. ಸವಾರರು ಈಗಿನಿಂದಲೇ ಹ್ಯಾಂಡಲ್ಲಿಗೆ ಒಂದು ಕನ್ನಡಿ ಸೇರಿಸಿಕೊಳ್ಳುವುದು ಒಳ್ಳೆಯದು. ರೇಸಿಂಗ್ ಸೈಕಲ್ಲಿಗೆ ಅದು ಚಂದ ಕಾಣುವುದಿಲ್ಲ ಎಂಬ ಮುಜುಗರವನ್ನು ಬಿಟ್ಟುಬಿಡಬೇಕು.

ಕರ್ನಾಟಕ ಎಂದಾದರೂ ಈ ಬಗ್ಗೆ ನಿಯಮ ಬರೆದರೆ ಫ್ರಾನ್ಸಿನ ದಾರಿ ಹಿಡಿಯಬಾರದು. 2006-07ರಲ್ಲಿ ಆರಂಭವಾದ ಯೋಜನೆಯಡಿ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟ ರಾಜ್ಯ ಇದು. 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳನ್ನು ಬೀದಿಗಿಳಿಸಿದ ರಾಜ್ಯ. ಸೈಕಲ್ ಹತ್ತಿದವರ ಮೇಲೆ ದಂಡದ ಪುಸ್ತಕ ಹಿಡಿದು ನಿಂತರೆ ಅವರು ಸ್ಕೂಟರಿಗೆ ಹೋಗುತ್ತಾರೆ. ಕಾರ್ಖಾನೆಗೆ, ಗಾರೆ ಕೆಲಸಕ್ಕೆ, ಪೇಪರ್ ಹಾಕಲು ಸೈಕಲ್ ತುಳಿಯುವವರಿಗೆ ಆ ದಂಡ ಒಂದು ದಿನದ ಕೂಲಿಯೇ ಆದೀತು. ಜಪಾನಿನ ಅಳತೆಗೋಲು ಸಾಕು, ಅದೂ ದಂಡವಿಲ್ಲದೆ ಮೊದಲಾಗಲಿ. ಸೈಕಲ್ ಕ್ಲಬ್ಬುಗಳು ಗುಂಪು ಸವಾರಿ ಹೊರಡುವ ಮುನ್ನ ಟೈರಿನ ಗಾಳಿ, ಬ್ರೇಕು, ದೀಪ ನೋಡುತ್ತವೆ. ಆ ಪಟ್ಟಿಗೆ ಕಿವಿಯನ್ನೂ ಸೇರಿಸಬಹುದು. ಪರೀಕ್ಷೆಗೆ ಯಂತ್ರ ಬೇಕಿಲ್ಲ. ಹಾಡು ನಡೆಯುತ್ತಿರುವಾಗಲೇ ಹತ್ತು ಹೆಜ್ಜೆ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ ‘ಸ್ವಲ್ಪ ಸೈಡ್’ ಎನ್ನಬೇಕು. ಸವಾರ ತಿರುಗಿ ನೋಡಿದರೆ ಆ ವಾಲ್ಯೂಮಿನಲ್ಲೇ ಹೊರಡಲಿ. ನೋಡದಿದ್ದರೆ ತಗ್ಗಿಸಲಿ, ತಗ್ಗಿಸಿದರೂ ಕೇಳದಿದ್ದರೆ ಇಯರ್‌ಬಡ್ ತೆಗೆದು ಜೇಬಿಗಿಡಲಿ.